ಗಾಳಿಯ ತೂಕ ತೋರಿಸಿದ ಬ್ಲೇಸ್ ಪಾಸ್ಕಲ್

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ, ಸೋಗಾನೆಯಲ್ಲಿ, ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿಗೆ ಬಂದಿಳಿಯಿತು. ಈ ಎರಡು ದಿನಗಳ ನಡುವೆ, ಜೂನ್ 19ರಂದು, ಫ್ರಾನ್ಸ್ ದೇಶದ ಒಬ್ಬ ಕಥೋಲಿಕ ವಿಜ್ಞಾನಿ ಹುಟ್ಟಿ 400 ವರ್ಷ ತುಂಬಿತು. ಅಂದು ಪೋಪ್ ಫ್ರಾನ್ಸಿಸ್ ಅವರು ಆ ವಿಜ್ಞಾನಿಯ ಬಗ್ಗೆಯೇ ಒಂದು ಪ್ರೇಷಿತ ಪತ್ರವನ್ನು ಪ್ರಕಟಿಸಿದರು. ಆ ವಿಜ್ಞಾನಿಯೇ ಬ್ಲೇಸ್ ಪಾಸ್ಕಲ್.

ನಮ್ಮ ಧರ್ಮಕೇಂದ್ರಗಳಲ್ಲಿ ಪಾಸ್ಕಲ್ ಎಂಬ ಹೆಸರು ಹೊಸದಲ್ಲ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಪಾಸ್ಕಲ್ ನಿಯಮವನ್ನು ನೀವೂ ಬಾಯಿಪಾಠ ಮಾಡಿರಬಹುದು. ಆದರೆ ಸೋಗಾನೆಗೆ ಬರುವ ಪ್ರತಿ ವಿಮಾನವೂ ಇಳಿಯುವ ಮುನ್ನ ಇವರ ಹೆಸರಿನ ಅಳತೆಯಲ್ಲಿ ಒಂದು ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳುತ್ತದೆ ಎಂಬುದು ನಿಮಗೆ ಗೊತ್ತೇ? ಆ ಸಂಖ್ಯೆ ತಪ್ಪಿದರೆ ಬೆಟ್ಟದ ಮೇಲೆ ಹಾರುತ್ತಿದ್ದೇನೆ ಎಂದುಕೊಂಡ ಪೈಲಟ್ ಬೆಟ್ಟದ ಮಟ್ಟಕ್ಕೇ ಇಳಿದಿರಬಹುದು. ಅಷ್ಟು ಜನರ ಪ್ರಾಣ ಆ ಒಂದು ಸಂಖ್ಯೆಯ ಮೇಲೆ ನಿಂತಿದೆ. ಅದರ ಹಿಂದೆ ಒಂದು ಕುಟುಂಬದ ಕಥೆಯಿದೆ.

ತಂದೆಯೇ ಗುರು

ಬ್ಲೇಸ್ ಪಾಸ್ಕಲ್ 1623ರ ಜೂನ್ 19ರಂದು ಮಧ್ಯ ಫ್ರಾನ್ಸಿನ ಕ್ಲೆರ್ಮೊಂ ಪಟ್ಟಣದಲ್ಲಿ ಹುಟ್ಟಿದರು. ಮೂರು ವರ್ಷದ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಎಟಿಯೆನ್ ಪಾಸ್ಕಲ್ ತೆರಿಗೆ ನ್ಯಾಯಾಲಯದ ಅಧಿಕಾರಿ. ಅಕ್ಕ ಜಿಲ್ಬೇರ್ತ್, ತಂಗಿ ಜಾಕ್ಲಿನ್ ಮತ್ತು ನಡುವಿನ ಈ ಹುಡುಗ, ಮೂವರನ್ನೂ ತಂದೆಯೇ ಸಾಕಿದರು. ಮರುಮದುವೆಯ ಯೋಚನೆ ಮಾಡಲಿಲ್ಲ. 1631ರಲ್ಲಿ ಮಕ್ಕಳ ವಿದ್ಯೆಗಾಗಿ ಊರು ಬಿಟ್ಟು ಪ್ಯಾರಿಸ್ ಸೇರಿದರು. ಮಗನನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿ ತಾವೇ ಪಾಠ ಹೇಳಿದರು.

ಮೊದಲು ಭಾಷೆಗಳು, ಆಮೇಲೆ ಗಣಿತ ಎಂಬುದು ತಂದೆಯ ಕ್ರಮ. ಗಣಿತದ ರುಚಿ ಹತ್ತಿದರೆ ಹುಡುಗ ಲ್ಯಾಟಿನ್ ಬಿಟ್ಟುಬಿಡುತ್ತಾನೆ ಎಂಬ ಭಯದಿಂದ ಗಣಿತದ ಪುಸ್ತಕಗಳನ್ನು ಕೈಗೆ ಸಿಗದಂತೆ ಇಟ್ಟಿದ್ದರು. ಆದರೆ ಹನ್ನೆರಡರ ವಯಸ್ಸಿನಲ್ಲಿ ಬ್ಲೇಸ್ ಇದ್ದಿಲಿನ ಚೂರಿನಿಂದ ನೆಲದ ಮೇಲೆ ಗೆರೆ ಎಳೆದು ತಾನೇ ರೇಖಾಗಣಿತ ಕಟ್ಟತೊಡಗಿದ. ರೇಖೆ, ವೃತ್ತ ಎಂಬ ಹೆಸರುಗಳೂ ಗೊತ್ತಿಲ್ಲದೆ ಕೋಲು, ಉಂಗುರ ಎಂದು ತಾನೇ ಹೆಸರಿಟ್ಟುಕೊಂಡಿದ್ದ. ತ್ರಿಕೋನದ ಮೂರು ಕೋನಗಳ ಮೊತ್ತ ಎರಡು ಲಂಬಕೋನಗಳಿಗೆ ಸಮ ಎಂಬಲ್ಲಿಗೆ ಅವನು ತಲುಪಿದ್ದಾಗ ತಂದೆ ಬಂದು ನೋಡಿದರು. ಗದರಿಸಲಿಲ್ಲ, ಸಂತೋಷದಿಂದ ಅವರ ಕಣ್ಣು ತುಂಬಿತು. ಅಂದಿನಿಂದ ಪುಸ್ತಕಗಳು ಮಗನ ಕೈಗೆ ಬಂದವು. ಮಕ್ಕಳನ್ನು ನಾವು ಹಾಕಿದ ಗೆರೆಯಲ್ಲೇ ನಡೆಸಬೇಕೆಂಬ ತಂದೆತಾಯಂದಿರು ಈ ತಂದೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

1640ರ ಹೊತ್ತಿಗೆ ತಂದೆಗೆ ರೂಆನ್ ನಗರದಲ್ಲಿ ತೆರಿಗೆ ಲೆಕ್ಕದ ಕೆಲಸ ಸಿಕ್ಕಿತು. ರಾತ್ರಿಯೆಲ್ಲಾ ಕೂಡಿ ಕಳೆಯುತ್ತಿದ್ದ ತಂದೆಯ ಕಷ್ಟವನ್ನು ನೋಡಲಾರದೆ ಬ್ಲೇಸ್ 1642ರಿಂದ ಹಲ್ಲುಚಕ್ರಗಳ ಲೆಕ್ಕದ ಯಂತ್ರವನ್ನು ತಯಾರಿಸಲು ತೊಡಗಿದರು. ಹತ್ತಾರು ಮಾದರಿಗಳನ್ನು ಮಾಡಿ ಕೆಡವಿ, 1645ರಲ್ಲಿ ಯಂತ್ರವನ್ನು ಹೊರತಂದರು. ಇಂದಿನ ಕ್ಯಾಲ್ಕುಲೇಟರಿಗೆ ಅದು ಹಿರಿಯಜ್ಜ. ಆದರೆ ಈ ದುಡಿಮೆಯಲ್ಲಿ ಅವರ ಆರೋಗ್ಯ ಕೆಟ್ಟಿತು. ಹದಿನೆಂಟರ ನಂತರ ನೋವಿಲ್ಲದ ದಿನವನ್ನೇ ಅವರು ಕಾಣಲಿಲ್ಲ ಎಂದು ಮನೆಯವರು ನೆನೆಯುತ್ತಿದ್ದರು.

ಪಾದರಸದ ಕೊಳವೆ

ಆ ಕಾಲದಲ್ಲಿ ವಿದ್ವಾಂಸರ ನಡುವೆ ಒಂದು ದೊಡ್ಡ ವಾದ ನಡೆದಿತ್ತು. ಇಟಲಿಯ ಟಾರಿಸೆಲ್ಲಿ ಎಂಬ ವಿಜ್ಞಾನಿ 1640ರ ದಶಕದ ಮೊದಲಲ್ಲಿ ಒಂದು ಪ್ರಯೋಗ ತೋರಿಸಿದ್ದರು. ಒಂದು ಕಡೆ ಮುಚ್ಚಿದ ಉದ್ದ ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿ, ಪಾದರಸದ ಬಟ್ಟಲಿನಲ್ಲಿ ಅದನ್ನು ಬೋರಲಾಗಿ ನಿಲ್ಲಿಸಿದರೆ ಪಾದರಸ ಪೂರ್ತಿ ಕೆಳಗೆ ಸುರಿಯುವುದಿಲ್ಲ. ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತುಬಿಡುತ್ತದೆ. ಅದರ ಮೇಲೆ ಖಾಲಿ ಜಾಗ ಉಳಿಯುತ್ತದೆ. ಪಾದರಸವನ್ನು ಎತ್ತಿ ಹಿಡಿದವರು ಯಾರು?

ಪ್ರಕೃತಿಗೆ ಖಾಲಿ ಜಾಗವೆಂದರೆ ಆಗದು, ಆದ್ದರಿಂದ ಅದು ಪಾದರಸವನ್ನು ಮೇಲಕ್ಕೆ ಸೆಳೆದು ಹಿಡಿದಿದೆ ಎಂದರು ಹಳೆಯ ಪಂಡಿತರು. ಅಲ್ಲ, ಹೊರಗಿನ ಗಾಳಿಗೆ ತೂಕವಿದೆ, ಅದು ಬಟ್ಟಲಿನ ಪಾದರಸವನ್ನು ಒತ್ತಿ ಕೊಳವೆಯೊಳಗೆ ಏರಿಸಿದೆ ಎಂಬುದು ಟಾರಿಸೆಲ್ಲಿಯ ಮತ. 1646ರಲ್ಲಿ ರೂಆನ್‌ನಲ್ಲಿ ಪಾಸ್ಕಲ್ ತಂದೆಮಕ್ಕಳೂ ಈ ಪ್ರಯೋಗವನ್ನು ಮಾಡಿ ನೋಡಿದರು. ಇಪ್ಪತ್ತಮೂರರ ಯುವಕನಿಗೆ ಮಾತಿನ ವಾದ ಸಾಕಾಗಲಿಲ್ಲ. ಗಾಳಿಗೆ ತೂಕವಿದ್ದರೆ ಬೆಟ್ಟದ ಮೇಲೆ ಆ ತೂಕ ಕಡಿಮೆಯಾಗಬೇಕು, ಏಕೆಂದರೆ ಅಲ್ಲಿ ತಲೆಯ ಮೇಲಿರುವ ಗಾಳಿ ಕಡಿಮೆ. ಪ್ರಕೃತಿಗೆ ಖಾಲಿ ಜಾಗ ಆಗದಿದ್ದರೆ ಬೆಟ್ಟದ ಬುಡದಲ್ಲೂ ತುದಿಯಲ್ಲೂ ಅದು ಒಂದೇ ಸಮನಾಗಿ ಆಗದಿರಬೇಕು. ಹಾಗಾದರೆ ಕೊಳವೆಯನ್ನು ಬೆಟ್ಟಕ್ಕೆ ಒಯ್ದರೆ ಸತ್ಯ ತಿಳಿಯುತ್ತದೆ.

ಇದನ್ನು ನೀವೂ ಒಂದಿಷ್ಟು ಬಲ್ಲಿರಿ. ಆಗುಂಬೆ ಘಾಟಿಯಲ್ಲಿ ಬಸ್ಸು ಸೋಮೇಶ್ವರದ ಕಡೆ ಇಳಿಯುವಾಗ ಕಿವಿ ಮುಚ್ಚಿಕೊಂಡಂತಾಗಿ, ಎಂಜಲು ನುಂಗಿದಾಗ ಫಟ್ಟೆಂದು ತೆರೆದುಕೊಳ್ಳುವುದಿಲ್ಲವೇ? ಅರ್ಧ ಗಂಟೆಯೊಳಗೆ ನಿಮ್ಮ ಮೇಲಿನ ಗಾಳಿಯ ಹೊರೆ ಹೆಚ್ಚಿದ್ದನ್ನು ಕಿವಿ ಮೊದಲು ತಿಳಿದುಕೊಳ್ಳುತ್ತದೆ.

ಭಾವ ಹತ್ತಿದ ಬೆಟ್ಟ

ಪ್ಯಾರಿಸ್ ಸುತ್ತ ಬೆಟ್ಟವಿಲ್ಲ. ಪಾಸ್ಕಲ್ ಅವರ ಆರೋಗ್ಯವೂ ನೆಟ್ಟಗಿರಲಿಲ್ಲ. ಆದ್ದರಿಂದ 1647ರ ನವೆಂಬರಿನಲ್ಲಿ ಅವರು ಹುಟ್ಟೂರಿನಲ್ಲಿದ್ದ ಭಾವನಿಗೆ, ಅಂದರೆ ಅಕ್ಕ ಜಿಲ್ಬೇರ್ತಳ ಗಂಡ ಫ್ಲೋರೆಂ ಪೆರಿಯೆಗೆ, ಕಾಗದ ಬರೆದರು. ಊರಿನ ಪಕ್ಕದಲ್ಲೇ ಪ್ವಿ ದ ದೋಮ್ ಎಂಬ ಬೆಟ್ಟವಿದೆ. ಅದರ ತುದಿ 1,465 ಮೀಟರ್. ನಮ್ಮ ಕೊಡಚಾದ್ರಿಗಿಂತ ನೂರು ಮೀಟರಿಗೂ ಸ್ವಲ್ಪ ಹೆಚ್ಚು. ಕೊಳವೆಯನ್ನು ಅಲ್ಲಿಗೆ ಹೊತ್ತು ನೋಡಿ ತಿಳಿಸಬೇಕೆಂದು ಅವರ ಬೇಡಿಕೆ.

1648ರ ಸೆಪ್ಟೆಂಬರ್ 19ರ ಶನಿವಾರ ಆ ಕೆಲಸ ನಡೆಯಿತು. ಬೆಳಿಗ್ಗೆ ಹವೆ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಬೆಟ್ಟದ ತುದಿ ಕಾಣಿಸಿದ್ದರಿಂದ ಹೊರಟರು. ಗುಂಪಿನಲ್ಲಿ ಒಬ್ಬರು ಮಿನಿಮ್ ಸಭೆಯ ಗುರುಗಳು, ಒಬ್ಬರು ಪ್ರಧಾನಾಲಯದ ಗುರುಗಳು, ಇಬ್ಬರು ನ್ಯಾಯಾಲಯದ ಸಲಹೆಗಾರರು, ಒಬ್ಬರು ವೈದ್ಯರು. ಊರಿನ ಅತಿ ತಗ್ಗಿನ ಜಾಗವಾದ ಮಿನಿಮ್ ಮಠದ ತೋಟದಲ್ಲಿ ಮೊದಲು ಎರಡು ಕೊಳವೆಗಳನ್ನು ನಿಲ್ಲಿಸಿದರು. ಎರಡರಲ್ಲೂ ಪಾದರಸ ಒಂದೇ ಮಟ್ಟದಲ್ಲಿ, ಇಂದಿನ ಅಳತೆಯಲ್ಲಿ ಸುಮಾರು 71 ಸೆಂಟಿಮೀಟರಿನಲ್ಲಿ, ನಿಂತಿತು. ಒಂದು ಕೊಳವೆಯನ್ನು ಅಲ್ಲೇ ಬಿಟ್ಟು ಶಾಸ್ತೆಂ ಎಂಬ ಗುರುಗಳನ್ನು ಅದರ ಪಕ್ಕ ಕೂರಿಸಿದರು. ದಿನವಿಡೀ ಆ ಕೊಳವೆಯನ್ನು ನೋಡುತ್ತಾ ಇರುವುದೇ ಅವರ ಕೆಲಸ.

ಉಳಿದವರು ಮತ್ತೊಂದು ಕೊಳವೆ ಹಾಗೂ ಪಾದರಸ ಹೊತ್ತು ಸುಮಾರು ಒಂದು ಸಾವಿರ ಮೀಟರ್ ಮೇಲೇರಿದರು. ತುದಿಯಲ್ಲಿ ಪಾದರಸ 63 ಸೆಂಟಿಮೀಟರಿಗಿಂತಲೂ ಕೆಳಗೆ ನಿಂತಿತು. ಎಂಟೂವರೆ ಸೆಂಟಿಮೀಟರಿನಷ್ಟು ವ್ಯತ್ಯಾಸ! ನಂಬಲಾಗದೆ ಮತ್ತೆ ಮತ್ತೆ ಮಾಡಿದರು. ಚಿಕ್ಕ ಪ್ರಾರ್ಥನಾಲಯದ ಮರೆಯಲ್ಲಿ, ಬಯಲಿನಲ್ಲಿ, ಗಾಳಿಯಲ್ಲಿ, ಮಂಜಿನಲ್ಲಿ, ಮಳೆಯಲ್ಲಿ ಎಲ್ಲಾ ಕಡೆ ಅದೇ ಉತ್ತರ. ಇಳಿಯುವಾಗ ನಡುದಾರಿಯಲ್ಲಿ ನಿಲ್ಲಿಸಿ ನೋಡಿದರೆ ನಡುವಿನ ಅಳತೆ. ಸಂಜೆ ತೋಟಕ್ಕೆ ಬಂದಾಗ ಶಾಸ್ತೆಂ ಗುರುಗಳು, ಇಲ್ಲಿಯ ಪಾದರಸ ಬೆಳಗಿನಿಂದ ಕದಲಿಲ್ಲ ಎಂದು ತಿಳಿಸಿದರು.

ಮರುದಿನ ಪೆರಿಯೆ ಅದೇ ಪಟ್ಟಣದ ಪ್ರಧಾನಾಲಯದ ಗೋಪುರ ಹತ್ತಿ ನೋಡಿದರು. ಅಲ್ಲೂ ಸಣ್ಣ ವ್ಯತ್ಯಾಸ ಕಂಡಿತು. ಸುದ್ದಿ ತಲುಪಿದ ಮೇಲೆ ಪಾಸ್ಕಲ್ ಅವರೂ ಪ್ಯಾರಿಸ್‌ನ ಸಂತ ಯಕೋಬರ ದೇವಾಲಯದ ಗೋಪುರದಲ್ಲಿ ಪರೀಕ್ಷಿಸಿದರು. ಗಾಳಿಗೆ ತೂಕವಿದೆ, ಮೇಲೆ ಹೋದಂತೆ ಅದು ಇಳಿಯುತ್ತದೆ ಎಂಬುದು ಇನ್ನು ಮಾತಿನ ವಾದವಾಗಿ ಉಳಿಯಲಿಲ್ಲ.

ಈ ಕಥೆಯಲ್ಲಿ ಬೆಟ್ಟ ಹತ್ತಿದವರನ್ನು ಎಲ್ಲರೂ ಹೊಗಳುತ್ತಾರೆ. ತೋಟದಲ್ಲಿ ಕುಳಿತ ಗುರುಗಳನ್ನು ಮರೆಯಬೇಡಿ. ಅವರಿಲ್ಲದಿದ್ದರೆ, ಪಾದರಸ ಇಳಿದದ್ದು ಎತ್ತರದಿಂದಲೋ, ಅಂದಿನ ಹವೆ ಬದಲಾದದ್ದರಿಂದಲೋ ಎಂದು ಯಾರೂ ಹೇಳಲಾಗುತ್ತಿರಲಿಲ್ಲ. ಪಾಸ್ಕಲ್ ಅವರಿಗೂ ಈ ಸಂಶಯವಿತ್ತು. ಅದಕ್ಕೇ 1649ರಿಂದ 1651ರವರೆಗೆ ಕ್ಲೆರ್ಮೊಂ, ಪ್ಯಾರಿಸ್ ಮತ್ತು ದೂರದ ಸ್ಟಾಕ್‌ಹೋಮ್‌ನಲ್ಲಿ ಪಾದರಸದ ಮಟ್ಟವನ್ನು ಬರೆದಿಡುವ ಏರ್ಪಾಡು ಮಾಡಿದರು. ಒಂದೇ ಊರಿನಲ್ಲಿ ಒಂದೇ ಜಾಗದಲ್ಲಿ ಕೂಡ ಹವೆಗೆ ತಕ್ಕಂತೆ ಪಾದರಸ ಏರಿಳಿಯುತ್ತದೆ ಎಂದು ತಿಳಿಯಿತು.

ವಿಮಾನದೊಳಗಿನ ಮುಳ್ಳು

ಈಗ ಸೋಗಾನೆಗೆ ಬನ್ನಿ. ವಿಮಾನದಲ್ಲಿ ಎತ್ತರ ತೋರಿಸುವ ಆಲ್ಟಿಮೀಟರ್ ಎಂಬ ಉಪಕರಣವು ಎತ್ತರವನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಹೊರಗಿನ ಗಾಳಿಯ ಒತ್ತಡವನ್ನು ಮಾತ್ರ. ಅದರೊಳಗೆ ಗಾಳಿ ತೆಗೆದ ತೆಳು ಲೋಹದ ಡಬ್ಬಿಯಿದೆ. ಮೇಲೇರಿದಂತೆ ಹೊರಗಿನ ಒತ್ತಡ ಇಳಿದು ಡಬ್ಬಿ ಹಿಗ್ಗುತ್ತದೆ, ಮುಳ್ಳು ತಿರುಗುತ್ತದೆ. ಪೆರಿಯೆ ಹೊತ್ತ ಕೊಳವೆಯ ಕೆಲಸವನ್ನೇ ಇದು ಮಾಡುತ್ತದೆ. ನೆಲಕ್ಕೆ ಸಮೀಪದಲ್ಲಿ ಸುಮಾರು ಎಂಟೂವರೆ ಮೀಟರ್ ಏರಿದರೆ ಒಂದು ಹೆಕ್ಟೋಪಾಸ್ಕಲ್ ಒತ್ತಡ ಇಳಿಯುತ್ತದೆ. ಒತ್ತಡದ ಮಾನಕ್ಕೆ ಪಾಸ್ಕಲ್ ಎಂಬ ಹೆಸರನ್ನು 1971ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವು ಒಪ್ಪಿಕೊಂಡಿತು. ಅಂಥ ನೂರು ಪಾಸ್ಕಲ್ ಸೇರಿದರೆ ಒಂದು ಹೆಕ್ಟೋಪಾಸ್ಕಲ್.

ಆದರೆ ಹವೆಯಿಂದಲೂ ಒತ್ತಡ ಇಳಿಯುತ್ತದಲ್ಲ! ಸಮುದ್ರಮಟ್ಟದಲ್ಲಿ 1013.25 ಹೆಕ್ಟೋಪಾಸ್ಕಲ್ ಇದ್ದರೆ ಸರಿಸಾಧಾರಣ ಎಂದು ಲೆಕ್ಕ. ಮಳೆಗಾಲದ ಒಂದು ದಿನ ಅದು 1005ಕ್ಕೆ ಇಳಿದಿದೆ ಎಂದುಕೊಳ್ಳಿ. ಪೈಲಟ್ ಉಪಕರಣವನ್ನು 1013ಕ್ಕೇ ಇಟ್ಟುಕೊಂಡರೆ ಮುಳ್ಳು ಸುಮಾರು 70 ಮೀಟರ್ ಹೆಚ್ಚು ತೋರಿಸುತ್ತದೆ. ವಿಮಾನ ನಿಜವಾಗಿ ಅಷ್ಟು ಕೆಳಗಿರುತ್ತದೆ. ಎಪ್ಪತ್ತು ಮೀಟರ್ ಎಂದರೆ ಇಪ್ಪತ್ತು ಮಹಡಿಯ ಕಟ್ಟಡದ ಎತ್ತರ. ಮೋಡ ಕವಿದು ಗುಡ್ಡ ಕಾಣಿಸದ ಹೊತ್ತಿನಲ್ಲಿ ಇದು ಆಟದ ಮಾತಲ್ಲ.

ಅದಕ್ಕೇ ನಿಲ್ದಾಣದಲ್ಲಿ ಅಂದಿನ ಒತ್ತಡವನ್ನು ಅಳೆದು ರೇಡಿಯೋದಲ್ಲಿ ಪೈಲಟ್‌ಗೆ ತಿಳಿಸುತ್ತಾರೆ. ಪೈಲಟ್ ಅದನ್ನು ಮರಳಿ ಓದಿ ಹೇಳಿ, ಗುಂಡಿ ತಿರುಗಿಸಿ ಉಪಕರಣದ ಸಣ್ಣ ಕಿಟಕಿಯಲ್ಲಿ ಆ ಸಂಖ್ಯೆಯನ್ನು ಕೂರಿಸುತ್ತಾರೆ. ಹೀಗೆ ತಿದ್ದಬಹುದಾದ ಸೂಕ್ಷ್ಮ ಆಲ್ಟಿಮೀಟರನ್ನು ಜರ್ಮನಿಯಲ್ಲಿ ಹುಟ್ಟಿ ಅಮೆರಿಕ ಸೇರಿದ ಪೌಲ್ ಕೋಲ್ಸ್‌ಮನ್ 1928ರಲ್ಲಿ ತಯಾರಿಸಿದರು. ಮರುವರ್ಷವೇ ಅದರ ನೆರವಿನಿಂದ ಜಿಮ್ಮಿ ಡೂಲಿಟಲ್ ಎಂಬ ವೈಮಾನಿಕರು ಹೊರಗೆ ಏನೂ ಕಾಣದಂತೆ ಮುಚ್ಚಿದ ಆಸನದಲ್ಲಿ ಕುಳಿತು ವಿಮಾನವನ್ನು ಏರಿಸಿ ಇಳಿಸಿದರು. ನೆಲದಿಂದ ಸಂಖ್ಯೆ ಹೇಳುವವರು ಯಾರೆಂದು ಯೋಚಿಸಿ. ಅದೇ, ಮಠದ ತೋಟದಲ್ಲಿ ಕೊಳವೆ ಕಾಯುತ್ತಾ ಕುಳಿತ ಶಾಸ್ತೆಂ ಗುರುಗಳ ಕೆಲಸ!

ಚಳಿ ಮಾಡುವ ಮೋಸ

ಇನ್ನೊಂದು ತಿದ್ದುಪಡಿಯೂ ಇದೆ. ಗಾಳಿ ತಣ್ಣಗಾದರೆ ಕುಗ್ಗಿ ದಟ್ಟವಾಗುತ್ತದೆ. ಆಗ ಸ್ವಲ್ಪ ಏರಿದರೂ ಒತ್ತಡ ಬೇಗ ಇಳಿಯುತ್ತದೆ. ಮುಳ್ಳಿಗೆ ಗಾಳಿಯ ಚಳಿ ತಿಳಿಯದು. ಬಹಳ ಮೇಲೆ ಬಂದಿದ್ದೇವೆ ಎಂದು ತೋರಿಸುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ, ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಕಡಿಮೆ, ಇದು ಉಪಕರಣದ ಲೆಕ್ಕಾಚಾರ. ಅದಕ್ಕಿಂತ ಪ್ರತಿ 10 ಡಿಗ್ರಿ ಹೆಚ್ಚು ಚಳಿಯಿದ್ದರೆ, ನಿಲ್ದಾಣದಿಂದ ಮೇಲಿನ ಎತ್ತರದಲ್ಲಿ ನೂರಕ್ಕೆ ನಾಲ್ಕರಷ್ಟು ತಪ್ಪು ಬರುತ್ತದೆ.

ಲಡಾಖಿನ ಲೇಹ್ ನಿಲ್ದಾಣವನ್ನು ನೋಡಿ. ಅದು 10,600 ಅಡಿಗಿಂತ ಎತ್ತರದಲ್ಲಿದೆ. ಲೆಕ್ಕದ ಪ್ರಕಾರ ಅಲ್ಲಿ ಸೊನ್ನೆಗಿಂತ 6 ಡಿಗ್ರಿ ಕೆಳಗಿರಬೇಕು. ಚಳಿಗಾಲದ ಒಂದು ಬೆಳಿಗ್ಗೆ ಸೊನ್ನೆಗಿಂತ 16 ಡಿಗ್ರಿ ಕೆಳಗಿದ್ದರೆ, ನಿಲ್ದಾಣದಿಂದ 5,000 ಅಡಿ ಮೇಲಿದ್ದೇನೆ ಎಂದು ಮುಳ್ಳು ತೋರಿಸುವ ವಿಮಾನ ನಿಜಕ್ಕೂ 200 ಅಡಿ ಕೆಳಗೆ ಹಾರುತ್ತಿರುತ್ತದೆ. ಪೈಲಟ್ ಆ 200 ಅಡಿಯನ್ನು ಕೂಡಿಸಿಕೊಂಡು ಹಾರಬೇಕು. ಸಾಮಾನ್ಯವಾಗಿ ನಿಲ್ದಾಣದ ಸುತ್ತ 46 ಕಿಲೋಮೀಟರ್ ವ್ಯಾಪ್ತಿಯ ಅತಿ ಎತ್ತರದ ಅಡೆತಡೆಗಿಂತ ಕನಿಷ್ಠ 300 ಮೀಟರ್ ಮೇಲಿನ ಎತ್ತರವನ್ನು ಸುರಕ್ಷಿತವೆಂದು ನಕ್ಷೆಯಲ್ಲಿ ಗುರುತಿಸುತ್ತಾರೆ. ಒತ್ತಡದ ತಪ್ಪು, ಚಳಿಯ ತಪ್ಪು ಎರಡೂ ಸೇರಿದರೆ ಆ 300 ಮೀಟರ್ ಸದ್ದಿಲ್ಲದೆ ಕರಗುತ್ತದೆ.

ನಮ್ಮ ಶಿವಮೊಗ್ಗದ ಬಿಸಿಲಿನಲ್ಲಿ ಲೆಕ್ಕ ತಿರುಗುಮುರುಗು. ಗಾಳಿ ಹಿಗ್ಗಿರುವುದರಿಂದ ವಿಮಾನ ಮುಳ್ಳು ತೋರಿಸುವುದಕ್ಕಿಂತ ಸ್ವಲ್ಪ ಮೇಲೇ ಇರುತ್ತದೆ. ಆದರೆ ತೆಳು ಗಾಳಿಯಲ್ಲಿ ರೆಕ್ಕೆಗೆ ಬಲ ಕಡಿಮೆ, ಎಂಜಿನ್‌ಗೂ ಕಡಿಮೆ. ಹೊರಡುವಾಗ ನಿಧಾನವಾಗಿ ಏರುತ್ತದೆ. ಆದ್ದರಿಂದ ಏಪ್ರಿಲ್ ಮಧ್ಯಾಹ್ನಕ್ಕೂ ಅದರದೇ ಲೆಕ್ಕ ಬೇಕು. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದ ಹಿರಿಯರನ್ನು ಕೇಳಿ. ಗೇಜನ್ನು ಕಾಲಕಾಲಕ್ಕೆ ಪರೀಕ್ಷಿಸದೆ ಅದರ ಮುಳ್ಳನ್ನು ನಂಬುವವನನ್ನು ಅವರು ಒಳ್ಳೆಯ ಕೆಲಸಗಾರ ಎನ್ನುವುದಿಲ್ಲ.

ಬೆಂಕಿಯ ರಾತ್ರಿ

ಇಷ್ಟು ಬುದ್ಧಿವಂತರಾದ ಪಾಸ್ಕಲ್ ಅವರ ಮನಸ್ಸು ಮಾತ್ರ ನೆಮ್ಮದಿಯಲ್ಲಿರಲಿಲ್ಲ. 1646ರಲ್ಲಿ ತಂದೆ ಮಂಜಿನ ಮೇಲೆ ಜಾರಿ ಬಿದ್ದು ತೊಡೆಗೆ ಪೆಟ್ಟಾದಾಗ, ಮನೆಯಲ್ಲಿದ್ದು ಆರೈಕೆ ಮಾಡಿದ ಇಬ್ಬರು ಭಕ್ತ ಸಹೋದರರಿಂದ ಇಡೀ ಕುಟುಂಬದಲ್ಲಿ ವಿಶ್ವಾಸ ಚಿಗುರಿತ್ತು. 1651ರಲ್ಲಿ ತಂದೆ ತೀರಿಕೊಂಡರು. ತಂಗಿ ಜಾಕ್ಲಿನ್ ಪೋರ್ ರೊಯಾಲ್ ಮಠ ಸೇರಿ ಕನ್ಯಾಸ್ತ್ರೀಯಾಗಲು ಹೊರಟಾಗ ಅಣ್ಣನಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಒಂಟಿತನದ ಭಯ, ಆಸ್ತಿಯ ಪಾಲಿನ ಮಾತು ಎಲ್ಲಾ ಬಂತು. ಕೊನೆಗೆ 1652ರ ಜನವರಿಯಲ್ಲಿ ಆಕೆ ಹೋಗಿಯೇ ಬಿಟ್ಟಳು. ಮಗಳು ಮಠಕ್ಕೆ ಹೋಗುತ್ತೇನೆಂದಾಗ ಮನೆಯಲ್ಲಿ ಏನಾಗುತ್ತದೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ.

ಮುಂದೆ ಅದೇ ತಂಗಿಯ ಬಳಿಗೆ ಹೋಗಿ ಅವರು ಮನಸ್ಸಿನ ಬರಡುತನವನ್ನು ತೋಡಿಕೊಂಡರು. 1654ರ ನವೆಂಬರ್ 23ರ ರಾತ್ರಿ, ಹತ್ತೂವರೆಯಿಂದ ನಡುರಾತ್ರಿ ದಾಟುವವರೆಗೆ, ದೇವರ ಸಾನ್ನಿಧ್ಯವು ಬೆಂಕಿಯಂತೆ ಅವರನ್ನು ಆವರಿಸಿತು. ಆ ಅನುಭವವನ್ನು ಒಂದು ಹಾಳೆಯಲ್ಲಿ ಬರೆದು ಅಂಗಿಯ ಒಳಗೆ ಹೊಲಿದುಕೊಂಡರು. ಅಂಗಿ ಬದಲಾಯಿಸಿದಾಗಲೆಲ್ಲಾ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಯಾರಿಗೂ ಹೇಳಲಿಲ್ಲ. ಅವರು ಸತ್ತ ಮೇಲೆಯೇ ಅದು ಮನೆಯವರ ಕೈಗೆ ಸಿಕ್ಕಿತು.

ಅವರ ಬಾಳಿನಲ್ಲಿ ಜಗಳವೂ ಇತ್ತು. 1656-57ರಲ್ಲಿ ಪೋರ್ ರೊಯಾಲ್ ಪರವಾಗಿ ಯೇಸುಸಭೆಯ ಗುರುಗಳನ್ನು ಟೀಕಿಸಿ 18 ಪತ್ರಗಳನ್ನು ಬರೆದರು. ರೋಮ್ ಆ ಪತ್ರಗಳನ್ನು 1657ರಲ್ಲಿ ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತು. ಆದರೂ ಅವರು ಧರ್ಮಸಭೆಯನ್ನು ಬಿಟ್ಟು ಹೋಗಲಿಲ್ಲ. 400ನೇ ವರ್ಷದಲ್ಲಿ ಅವರನ್ನು ಗೌರವಿಸಿ ಪತ್ರ ಬರೆದ ಪೋಪ್ ಫ್ರಾನ್ಸಿಸ್ ಅದೇ ಯೇಸುಸಭೆಯವರು ಎಂಬುದನ್ನು ಗಮನಿಸಿ. ವಿಶ್ವಾಸದ ಬಗ್ಗೆ ದೊಡ್ಡ ಗ್ರಂಥ ಬರೆಯಬೇಕೆಂದು ಪಾಸ್ಕಲ್ ಗುರುತು ಹಾಕಿಟ್ಟ ಚೀಟಿಗಳು ಅವರ ಮರಣದ ನಂತರ 1670ರಲ್ಲಿ ಪುಸ್ತಕವಾಗಿ ಬಂದವು. ಮನುಷ್ಯ ಎಷ್ಟು ದೊಡ್ಡವನೋ ಅಷ್ಟೇ ದೀನನೂ ಹೌದು ಎಂಬ ವಿಚಾರ ಅದರ ಉದ್ದಕ್ಕೂ ಇದೆ.

ಬಡವರ ಗಾಡಿ, ಬಡವರ ಮಗು

ಕೊನೆಯ ವರ್ಷ ಅವರು ಮಾಡಿದ ಕೆಲಸ ನಿಮಗೆ ಆಶ್ಚರ್ಯ ತರಬಹುದು. ಆಗ ಪ್ಯಾರಿಸ್‌ನಲ್ಲಿ ಶ್ರೀಮಂತರಿಗೆ ಮಾತ್ರ ಕುದುರೆಗಾಡಿ. ಪಾಸ್ಕಲ್ ಮತ್ತು ಗೆಳೆಯರು ಸೇರಿ, ಗೊತ್ತಾದ ದಾರಿಯಲ್ಲಿ, ಗೊತ್ತಾದ ಹೊತ್ತಿಗೆ, ಐದು ಸೊಲ್ ದರಕ್ಕೆ ಓಡುವ ಗಾಡಿಗಳನ್ನು 1662ರ ಮಾರ್ಚ್ 18ರಂದು ಆರಂಭಿಸಿದರು. ನಗರದ ಬಸ್ಸಿಗೆ ಅದೇ ಮೊದಲ ಮಾದರಿ. ಶಿವಮೊಗ್ಗದಿಂದ ಭದ್ರಾವತಿಗೆ ದಿನಾ ಓಡಾಡುವ ನೀವು ಬಸ್ಸಿಗೆ ಕೈ ತೋರಿಸುವಾಗ ಅವರನ್ನೂ ನೆನೆಯಬಹುದು. ಆ ಚಳಿಗಾಲದಲ್ಲಿ ಬ್ಲೋವ ಪ್ರಾಂತ್ಯದ ಬಡವರು ಹಸಿವಿನಿಂದ ನರಳುತ್ತಿದ್ದಾರೆಂದು ಕೇಳಿ, ತಮ್ಮ ಪಾಲಿನ ಹಣವನ್ನು ಮುಂಗಡವಾಗಿ ಪಡೆದು ಅವರಿಗೆ ಕಳುಹಿಸಲು ಹೊರಟರು.

ಅದೇ ವರ್ಷ ಒಂದು ಬಡ ಕುಟುಂಬವನ್ನು ಬಾಡಿಗೆಯಿಲ್ಲದೆ ತಮ್ಮ ಮನೆಯಲ್ಲೇ ಇರಿಸಿಕೊಂಡಿದ್ದರು. ಆ ಮನೆಯ ಮಗುವಿಗೆ ಸಿಡುಬು ಬಂತು. ಅಕ್ಕ ಜಿಲ್ಬೇರ್ತ್ ತಮ್ಮನ ಆರೈಕೆಗೆ ದಿನಾ ಬಂದು ಹೋಗುತ್ತಿದ್ದರಿಂದ ಅವರ ಮಕ್ಕಳಿಗೆ ರೋಗ ತಗಲುವ ಭಯ. ಮಗುವನ್ನು ಬೇರೆ ಕಡೆ ಸಾಗಿಸಬಹುದಿತ್ತು. ಆದರೆ ಕಾಯಿಲೆಯ ಮಗುವನ್ನು ಕದಲಿಸುವುದು ಅಪಾಯ, ನಾನೇ ಹೋಗುತ್ತೇನೆ ಎಂದು ಪಾಸ್ಕಲ್ ನಿರ್ಧರಿಸಿದರು. ಮೈಯಲ್ಲಿ ಶಕ್ತಿಯಿಲ್ಲದಿದ್ದರೂ ಸ್ವಂತ ಮನೆಯನ್ನು ಬಿಟ್ಟು ಜೂನ್ ಕೊನೆಯಲ್ಲಿ ಅಕ್ಕನ ಮನೆ ಸೇರಿದರು. ಮತ್ತೆ ತಮ್ಮ ಮನೆಗೆ ಹಿಂದಿರುಗಲಿಲ್ಲ.

ತಮಗೆ ಸಿಗುವ ಆರೈಕೆ ಬಡವರಿಗೆ ಸಿಗುತ್ತಿಲ್ಲವೆಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು. ಒಬ್ಬ ಬಡರೋಗಿಯನ್ನು ಅದೇ ಮನೆಗೆ ತಂದು ಸಮನಾಗಿ ನೋಡಿಕೊಳ್ಳಿ, ಇಲ್ಲವೇ ನನ್ನನ್ನು ಬಡವರ ಆಸ್ಪತ್ರೆಗೆ ಒಯ್ಯಿರಿ ಎಂದು ಬೇಡಿಕೊಂಡರು. ಎರಡೂ ಆಗಲಿಲ್ಲ. ಧರ್ಮಕೇಂದ್ರದ ಗುರುಗಳಿಂದ ಪರಮಪ್ರಸಾದ ಸ್ವೀಕರಿಸಿ, 1662ರ ಆಗಸ್ಟ್ 19ರಂದು, 39ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಪ್ಯಾರಿಸ್‌ನ ಸಂತ ಸ್ತೇಫನರ ದೇವಾಲಯದಲ್ಲಿ ಅವರ ಸಮಾಧಿಯಿದೆ.

ಪ್ರಿಯ ಓದುಗರೇ, ಎತ್ತರಕ್ಕೆ ಏರಿದವರಿಗೆ ತಾವು ಇರುವುದಕ್ಕಿಂತ ಇನ್ನೂ ಮೇಲಿದ್ದೇವೆ ಎಂದು ತೋರುವುದು ಆಲ್ಟಿಮೀಟರಿಗೆ ಮಾತ್ರ ಸೇರಿದ ದೋಷವಲ್ಲ. ಸುತ್ತಲಿನ ಪ್ರೀತಿ ತಣ್ಣಗಾದಷ್ಟೂ ನಮ್ಮೊಳಗಿನ ಮುಳ್ಳು ಹೆಚ್ಚು ತೋರಿಸುತ್ತದೆ. ಒಳ್ಳೆಯ ಪೈಲಟ್ ತನ್ನ ಮುಳ್ಳನ್ನು ಒಡೆದು ಎಸೆಯುವುದಿಲ್ಲ, ಕಣ್ಣುಮುಚ್ಚಿ ನಂಬುವುದೂ ಇಲ್ಲ. ನೆಲದಲ್ಲಿರುವವರನ್ನು ಕೇಳಿ ತಿದ್ದಿಕೊಳ್ಳುತ್ತಾನೆ. ಪಾಸ್ಕಲ್ ಅವರನ್ನೂ ಒಬ್ಬ ತಂಗಿ, ಒಬ್ಬ ಅಕ್ಕ, ಒಂದು ಸಿಡುಬಿನ ಮಗು ತಿದ್ದಿದರು. ಇಂದು ಸಂಜೆಯ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ, ನಿಮ್ಮ ಮನೆಯಲ್ಲಿ ನಿಮಗೆ ಸತ್ಯ ಹೇಳುವವರು ಯಾರೆಂದು ಯೋಚಿಸಿ, ಅವರ ಮಾತನ್ನು ಒಂದು ಸಲ ತಾಳ್ಮೆಯಿಂದ ಕೇಳಿ ನೋಡಿ.